ಕಾಲೇಜು ಲೀಗ್‌ಗಳ ಮರುವಿಂಗಡಣೆ ಮತ್ತು ಹಣ: ಕಲಬುರಗಿಯ ಮೂರು ತಾಲ್ಲೂಕುಗಳಿಂದ ಒಂದು ನೋಟ

ಯಾವ ಕಾಲೇಜು ಯಾವ ಕಾಲೇಜಿನ ಎದುರು ಆಡಬೇಕು ಎಂಬ ಪಟ್ಟಿಯನ್ನು ಹೊಸದಾಗಿ ಬರೆಯುವುದಕ್ಕೆ ಲೀಗ್ ಮರುವಿಂಗಡಣೆ ಎನ್ನುತ್ತಾರೆ. ಅಮೆರಿಕದಲ್ಲಿ ಈ ಪಟ್ಟಿಯನ್ನು ಬರೆಯುವುದು ಟಿ.ವಿ. ಕಂಪನಿಗಳ ಹಣ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಅದನ್ನು ಬರೆಯುತ್ತ ಬಂದಿರುವುದು ವಿಶ್ವವಿದ್ಯಾಲಯಗಳನ್ನು ಒಡೆಯುವ ಸರ್ಕಾರಿ ಕಾಯ್ದೆಗಳು. ಅಲ್ಲಿ ಲೀಗ್‌ಗಳು ಕೂಡಿಕೊಂಡು ದೊಡ್ಡವಾದವು, ಇಲ್ಲಿ ಒಡೆದು ಚಿಕ್ಕವಾದವು. ಎರಡೂ ಕಡೆ ಮೈದಾನದಲ್ಲಿ ಆಡುವವರನ್ನು ಯಾರೂ ಕೇಳಲಿಲ್ಲ.

ಕಲಬುರಗಿಯ ಕಾಲೇಜು ಕ್ರೀಡೆಯ ನಕ್ಷೆ ಮೊದಲ ಸಲ ಬದಲಾದದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಓದುವ ಹುಡುಗರ ಕಣ್ಣು 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮೇಲಿರುತ್ತಿತ್ತು. ಫುಟ್‌ಬಾಲ್ ಮಟ್ಟಿಗೆ ಅದು ಸಣ್ಣ ನಂಟಲ್ಲ. 1951ರ ದೆಹಲಿ ಮತ್ತು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಉಸ್ಮಾನಿಯಾದಲ್ಲೇ ಓದಿದವರು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಹೈದರಾಬಾದಿನ ಬದಲು ಧಾರವಾಡ ಬಂತು. ಕಲಬುರಗಿಯ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ತೆಕ್ಕೆಗೆ ಸೇರಿದವು. ಆಯ್ಕೆಗಾಗಿ ಕೃಷ್ಣೆ, ಮಲಪ್ರಭೆಗಳನ್ನು ದಾಟಿ ಹೋಗಬೇಕಾಯಿತು. 1980ರ ಸೆಪ್ಟೆಂಬರಿನಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಮೊದಲ ಬಾರಿಗೆ ಆಟದ ಕೇಂದ್ರ ಮನೆಯ ಹತ್ತಿರ ಬಂತು. ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿ ಮತ್ತು ಮುಂದೆ ಜಿಲ್ಲೆಗಳಾದ ಕೊಪ್ಪಳ, ಯಾದಗಿರಿಗಳೆಲ್ಲ ಒಂದೇ ಅಂತರ ಕಾಲೇಜು ಟೂರ್ನಿಯ ಒಳಗಿದ್ದವು.

ಮೂವತ್ತು ವರ್ಷ ಹಾಗೇ ನಡೆಯಿತು. ಆ ಕಾಲದಲ್ಲಿ ‘ಯೂನಿವರ್ಸಿಟಿ ಬ್ಲೂ’ ಆಗಬೇಕೆಂದರೆ, ಅಂದರೆ ವಿಶ್ವವಿದ್ಯಾಲಯ ತಂಡದ ಬಣ್ಣ ಧರಿಸಬೇಕೆಂದರೆ, ಆಳಂದದ ಕಬಡ್ಡಿ ಆಟಗಾರ ಬಳ್ಳಾರಿಯ ಹುಡುಗರನ್ನೂ ರಾಯಚೂರಿನವರನ್ನೂ ಹಿಂದೆ ಹಾಕಬೇಕಿತ್ತು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾಗಿ ಬಳ್ಳಾರಿ, ಕೊಪ್ಪಳದ ಕಾಲೇಜುಗಳು ಆಚೆ ಹೋದವು. 2021ರಲ್ಲಿ ರಾಯಚೂರು ವಿಶ್ವವಿದ್ಯಾಲಯ ರಾಯಚೂರು, ಯಾದಗಿರಿಗಳನ್ನು ಕರೆದುಕೊಂಡಿತು. 2023ರಲ್ಲಿ ಬೀದರ್ ಕೂಡ ಪ್ರತ್ಯೇಕವಾಯಿತು. ಈಗ ಉಳಿದಿರುವುದು ಹೆಚ್ಚುಕಡಿಮೆ ಒಂದು ಜಿಲ್ಲೆ. ಬ್ಲೂ ಸಿಗುವುದು ಹಿಂದಿಗಿಂತ ಸುಲಭ, ಅದರ ತೂಕವೂ ಅಷ್ಟೇ ಇಳಿದಿದೆ ಎಂದರೆ ಹಳೆಯ ಆಟಗಾರರು ತಲೆದೂಗುತ್ತಾರೆ. ಹೊಸಬರಿಗೆ ಕೋಪ ಬರಬಹುದು, ಆದರೆ ಲೆಕ್ಕ ಹಳಬರ ಪರವಾಗಿದೆ.

ಮೂರೂ ತಾಲ್ಲೂಕುಗಳು ಜಿಲ್ಲೆಯ ಅಂಚಿನಲ್ಲಿರುವುದರಿಂದ ಈ ಒಡಕು ಇಲ್ಲಿ ಎದ್ದು ಕಾಣುತ್ತದೆ. ಜೇವರ್ಗಿಯಿಂದ ದಕ್ಷಿಣಕ್ಕೆ ಹೋದರೆ ಸಿಗುವುದು ಶಹಾಪುರ. ಅದು ಯಾದಗಿರಿ ಜಿಲ್ಲೆಗೆ ಸೇರಿದ್ದರಿಂದ 2021ರ ನಂತರ ಅಲ್ಲಿನ ಕಾಲೇಜು ಜೇವರ್ಗಿಯ ಕಾಲೇಜಿನ ಎದುರಾಳಿ ಅಲ್ಲ. ಅಫಜಲಪುರ ಭೀಮಾ ನದಿಯ ದಡದ ತಾಲ್ಲೂಕು. ಹೊಳೆಯಾಚೆಗಿನ ಇಂಡಿ, ಸಿಂದಗಿ ಕಡೆಯ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿವೆ. ದೇವಲ ಗಾಣಗಾಪುರದ ದತ್ತನ ದರ್ಶನಕ್ಕೆ ಎರಡೂ ದಡದವರು ಒಟ್ಟಿಗೆ ಬರುತ್ತಾರೆ. ಅವರ ಮಕ್ಕಳ ಕಾಲೇಜು ತಂಡಗಳು ಮಾತ್ರ ಒಂದೇ ಪಟ್ಟಿಯಲ್ಲಿ ಇರುವುದಿಲ್ಲ.

ಆಳಂದದ ಕಥೆ ಇನ್ನೂ ವಿಚಿತ್ರ. ಅದರ ಪಕ್ಕದ ಅಕ್ಕಲಕೋಟೆ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿದೆ, ಅಲ್ಲಿ ಮನೆಮನೆಯಲ್ಲೂ ಕನ್ನಡ ಕೇಳಿಬರುತ್ತದೆ. ಅಲ್ಲಿನ ಕಾಲೇಜುಗಳಿಗೆ ಸೋಲಾಪುರ ವಿಶ್ವವಿದ್ಯಾಲಯ ಇದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಒಂದೇ ಜಿಲ್ಲೆಗಾಗಿ 2004ರಲ್ಲಿ ಹುಟ್ಟಿದ್ದು ಅದು. ಗುಲ್ಬರ್ಗ ಈಗ ಬಂದು ನಿಂತಿರುವ ಸ್ಥಿತಿಗೆ ಸೋಲಾಪುರ ಎಷ್ಟೋ ಮೊದಲೇ ಬಂದಿತ್ತು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು, ನಡೆಸುವ ಅಂತರ ವಿಶ್ವವಿದ್ಯಾಲಯ ಟೂರ್ನಿಗಳಲ್ಲಿ ಕರ್ನಾಟಕ ದಕ್ಷಿಣ ವಲಯದ್ದು, ಮಹಾರಾಷ್ಟ್ರ ಪಶ್ಚಿಮ ವಲಯದ್ದು. ಹಾಗಾಗಿ ಆಳಂದದ ಆಟಗಾರ್ತಿ ಕೇರಳ, ತಮಿಳುನಾಡಿನವರ ಎದುರು ಆಡುತ್ತಾಳೆ. ಪಕ್ಕದೂರಿನ ಹುಡುಗಿಯನ್ನು ಎದುರಿಸಬೇಕಾದರೆ ಇಬ್ಬರೂ ತಂತಮ್ಮ ವಲಯ ದಾಟಿ ಅಖಿಲ ಭಾರತ ಮಟ್ಟಕ್ಕೆ ಏರಬೇಕು.

ಗಡಿಯಾಚೆಯ ಮಾತು ಇರಲಿ, ತಾಲ್ಲೂಕಿನ ಒಳಗೂ ಒಂದೇ ಪಟ್ಟಿ ಇಲ್ಲ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಎಐಯು ಟೂರ್ನಿಗಳ ಮಟ್ಟಿಗೆ ಅದು ತಾನೇ ಒಂದು ಬೇರೆ ವಿಶ್ವವಿದ್ಯಾಲಯ. ಕಲಬುರಗಿ ನಗರದಲ್ಲಿ 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ ಬಂತು, ಅದರ ಬೆನ್ನಿಗೇ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯವೂ ಬಂತು. ಎಂಜಿನಿಯರಿಂಗ್ ಓದುವವರ ಆಟ 1998ರಿಂದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಲೆಕ್ಕಕ್ಕೆ, ವೈದ್ಯಕೀಯದವರದು 1996ರಿಂದ ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಲೆಕ್ಕಕ್ಕೆ. ಮಹಿಳಾ ಕಾಲೇಜಾದರೆ 2003ರಿಂದ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ. ಪಿಯುಸಿಯಲ್ಲಿ ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ನೇರ ಮೆಟ್ಟಿಲುಗಳಲ್ಲಿ ಒಟ್ಟಿಗೆ ಹತ್ತಿದ ತಂಡ ಪದವಿಗೆ ಬರುತ್ತಲೇ ಆರು ದಿಕ್ಕಿಗೆ ಚದುರುತ್ತದೆ.

ಅಂತರ ಕಾಲೇಜು ಟೂರ್ನಿ ನಡೆಯುವ ರೀತಿ ಸರಳ. ಆಟವೊಂದನ್ನು ನಡೆಸಿಕೊಡುವುದಾಗಿ ಒಂದು ಕಾಲೇಜು ಒಪ್ಪಿಕೊಳ್ಳುತ್ತದೆ. ನಾಕೌಟ್ ಮಾದರಿಯಲ್ಲಿ ಒಂದೆರಡು ದಿನದಲ್ಲಿ ಎಲ್ಲ ಮುಗಿಯುತ್ತದೆ. ಅಲ್ಲಿಯ ಆಟ ಮತ್ತು ಟ್ರಯಲ್ಸ್ ನೋಡಿ ವಿಶ್ವವಿದ್ಯಾಲಯದ ತಂಡ ಆರಿಸುತ್ತಾರೆ. ಒಂದಷ್ಟು ದಿನ ಶಿಬಿರ ನಡೆಸಿ ದಕ್ಷಿಣ ವಲಯಕ್ಕೆ ಕಳಿಸುತ್ತಾರೆ. ಹಣದ ಮೂಲ ಮುಖ್ಯವಾಗಿ ವಿದ್ಯಾರ್ಥಿಗಳು ಪ್ರವೇಶದ ವೇಳೆ ಕಟ್ಟುವ ಕ್ರೀಡಾ ಶುಲ್ಕ. ಅದರಲ್ಲೇ ಜರ್ಸಿ, ಪ್ರಯಾಣ ಭತ್ಯೆ, ಅಂಪೈರ್ ಸಂಭಾವನೆ ಎಲ್ಲ ಸರಿದೂಗಬೇಕು. ಸಂಯೋಜಿತ ಕಾಲೇಜುಗಳು ಕಡಿಮೆಯಾದರೆ ಈ ನಿಧಿಯೂ ಕಡಿಮೆಯಾಗುತ್ತದೆ, ಆದರೆ ದಕ್ಷಿಣ ವಲಯಕ್ಕೆ ಹೋಗಿಬರುವ ರೈಲು ದರ ಇಳಿಯುವುದಿಲ್ಲ. ವಿಶ್ವವಿದ್ಯಾಲಯ ಒಡೆಯುವಾಗ ವಿಧಾನಸಭೆಯಲ್ಲಿ ಈ ಲೆಕ್ಕ ಯಾರ ಬಾಯಲ್ಲೂ ಬರುವುದಿಲ್ಲ.

ಇದರ ತದ್ವಿರುದ್ಧ ಚಿತ್ರ ಅಮೆರಿಕದ್ದು. ಅಲ್ಲಿನ ಕಾಲೇಜು ಫುಟ್‌ಬಾಲ್, ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ ಆ ಒರಟು ಆಟ, ಹುಟ್ಟಿನಿಂದಲೇ ಹಣದ ತಕರಾರು ಹೊತ್ತುಕೊಂಡಿದೆ. 1905ರಲ್ಲಿ ಮೈದಾನದಲ್ಲಿ ಸಾವುಗಳು ಹೆಚ್ಚಾದಾಗ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಮಧ್ಯೆ ಬಂದರು. ಮರುವರ್ಷ ಹುಟ್ಟಿದ ಸಂಸ್ಥೆಯೇ ಮುಂದೆ ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಆಯಿತು. 1929ರಲ್ಲೇ ಕಾರ್ನೆಗಿ ಪ್ರತಿಷ್ಠಾನದ ವರದಿ, ಕಾಲೇಜುಗಳು ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟು ಸೆಳೆಯುತ್ತಿವೆ ಎಂದು ದೂರಿತ್ತು.

ದೊಡ್ಡ ತಿರುವು ಬಂದದ್ದು 1984ರಲ್ಲಿ. ಅಲ್ಲಿಯವರೆಗೆ ಟಿ.ವಿ.ಯಲ್ಲಿ ಯಾವ ಪಂದ್ಯ, ಎಷ್ಟು ಬಾರಿ ಎಂಬುದನ್ನು ಎನ್‌ಸಿಎಎ ತೀರ್ಮಾನಿಸುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಅದನ್ನು ಕೋರ್ಟಿಗೆ ಎಳೆದವು. ಇದು ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 7-2ರಿಂದ ತೀರ್ಪಿತ್ತಿತು. ಪ್ರಸಾರದ ಹಕ್ಕು ಕಾಲೇಜುಗಳ ಕೈಗೆ, ಅವುಗಳ ಗುಂಪುಗಳಾದ ಕಾನ್ಫರೆನ್ಸ್‌ಗಳ ಕೈಗೆ ಬಂತು. ಕಾನ್ಫರೆನ್ಸ್ ಎಂದರೆ ಮೊದಲು ರೈಲಿನಲ್ಲಿ ಹೋಗಿಬರಬಹುದಾದ ನೆರೆಹೊರೆಯ ಕಾಲೇಜುಗಳ ಕೂಟ. 1984ರ ನಂತರ ಅದು ಒಟ್ಟಿಗೆ ಚೌಕಾಸಿಗೆ ಕೂರುವ ವ್ಯಾಪಾರಿಗಳ ಕೂಟವಾಯಿತು. ಹೆಚ್ಚು ಟಿ.ವಿ. ಮನೆಗಳಿರುವ ಊರಿನ ಕಾಲೇಜನ್ನು ಒಳಗೆ ಸೇರಿಸಿಕೊಂಡರೆ ಒಪ್ಪಂದದ ಮೊತ್ತ ಏರುತ್ತಿತ್ತು.

ಆ ತರ್ಕದ ಕೊನೆ ಪೆಸಿಫಿಕ್ ತೀರದಲ್ಲಿ ಕಂಡಿತು. 1915ರಲ್ಲಿ ಬೇರು ಬಿಟ್ಟಿದ್ದ ಪ್ಯಾಕ್-12 ಕಾನ್ಫರೆನ್ಸ್‌ನಿಂದ 2022ರ ಜೂನ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಹೊರಡುವುದಾಗಿ ಹೇಳಿದವು. ಅವು ಸೇರಿದ್ದು ಬಿಗ್ ಟೆನ್ ಎಂಬ ಮಧ್ಯಪಶ್ಚಿಮದ ಗುಂಪನ್ನು. ಅದೇ ಆಗಸ್ಟ್‌ನಲ್ಲಿ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮಿಕ್ಕಿದ್ದೆಂದು ವರದಿಯಾದ ಒಪ್ಪಂದ ಮಾಡಿಕೊಂಡಿತು. 2023ರ ಆಗಸ್ಟ್ 4ರಂದು ಒಂದೇ ದಿನ ಆರೆಗಾನ್, ವಾಷಿಂಗ್ಟನ್, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಐದೂ ಗುಂಪು ಬಿಟ್ಟವು. ಸ್ಟ್ಯಾನ್‌ಫರ್ಡ್, ಬರ್ಕ್‌ಲಿಗಳು ಅಟ್ಲಾಂಟಿಕ್ ಹೆಸರಿನ ಕಾನ್ಫರೆನ್ಸ್ ಸೇರಿದವು. ಪೆಸಿಫಿಕ್ ದಂಡೆಯ ಕಾಲೇಜುಗಳಿಗೆ ಅಟ್ಲಾಂಟಿಕ್ ಎಂಬ ಹಣೆಪಟ್ಟಿ! ಪ್ಯಾಕ್-12ರಲ್ಲಿ ಉಳಿದದ್ದು ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ. 2024ಕ್ಕೆ ಹೆಸರಿನಲ್ಲಿ ಹತ್ತು ಇದ್ದ ಬಿಗ್ ಟೆನ್‌ನಲ್ಲಿ 18 ಕಾಲೇಜುಗಳಿದ್ದವು. ಲಾಸ್ ಏಂಜಲೀಸ್‌ನ ವಾಲಿಬಾಲ್ ತಂಡವೂ ಲೀಗ್ ಪಂದ್ಯಕ್ಕಾಗಿ ನ್ಯೂಜೆರ್ಸಿಗೆ ಸುಮಾರು 4,000 ಕಿ.ಮೀ. ಹಾರಬೇಕಾಗಿ ಬಂತು. ಫುಟ್‌ಬಾಲ್ ಹಣಕ್ಕಾಗಿ ಮಾಡಿದ ಏರ್ಪಾಟಿನ ಪ್ರಯಾಣದ ಹೊರೆ ಬಿದ್ದದ್ದು ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರ ಮೇಲೆ.

ಇಷ್ಟು ದುಡ್ಡು ಹರಿಯುವಾಗಲೂ ಆಟಗಾರನಿಗೆ ವಿದ್ಯಾರ್ಥಿವೇತನ ಬಿಟ್ಟು ಬೇರೇನೂ ಕೊಡುವಂತಿರಲಿಲ್ಲ. ತರಬೇತುದಾರರಿಗೆ ಆ ನಿಯಮ ಇರಲಿಲ್ಲ. 2023ರ ನವೆಂಬರಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದುಹಾಕಲು ಒಪ್ಪಂದದ ಪ್ರಕಾರ ಏಳೂವರೆ ಕೋಟಿ ಡಾಲರಿಗೂ ಹೆಚ್ಚು ಕೊಡಬೇಕಾಯಿತು. ಕೆಲಸ ಮಾಡದಿರಲು ಕೊಟ್ಟ ಹಣ ಅದು. ಆಟಗಾರರ ಪಾಲಿಗೆ ಬಾಗಿಲು ತೆರೆದದ್ದು ಕೋರ್ಟುಗಳು. 2021ರ ಜೂನ್‌ನಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತು ಹಣ ಗಳಿಸಬಹುದಾಯಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ನೀಡಿದ ಹೌಸ್ ಪ್ರಕರಣದ ಇತ್ಯರ್ಥದಂತೆ, ಒಂದೊಂದು ಕಾಲೇಜು ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಆಟಗಾರರಿಗೆ ಹಂಚಬಹುದು. ಹಿಂದೆ ಆಡಿ ಹೋದವರಿಗೆ ಹತ್ತು ವರ್ಷಗಳಲ್ಲಿ 280 ಕೋಟಿ ಡಾಲರ್ ಬಾಕಿ ಸಲ್ಲಬೇಕು.

ಭಾರತದ ಕಾಲೇಜು ಕ್ರೀಡೆಯಲ್ಲಿ ಪ್ರಸಾರದ ಹಣ ಇಲ್ಲ. ಹಾಗೆಂದು ಹಣದ ಆಟ ಇಲ್ಲ ಎನ್ನಲಾಗದು. ಇಲ್ಲಿ ಅದು ಸೀಟು, ಹಾಸ್ಟೆಲ್, ಊಟ, ಕೋಚ್ ಎಂಬ ರೂಪದಲ್ಲಿ ಬರುತ್ತದೆ. ಇದರ ಹೆಸರಾಂತ ಉದಾಹರಣೆ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ. ಡಾ. ಎಂ. ಮೋಹನ ಆಳ್ವರ ಈ ಸಂಸ್ಥೆ ಕ್ರೀಡಾಪಟುಗಳನ್ನು ‘ದತ್ತು’ ತೆಗೆದುಕೊಂಡು ಉಚಿತವಾಗಿ ಓದಿಸುತ್ತದೆ. ಅವರ ಬಲದ ಮೇಲೆ ಮಂಗಳೂರು ವಿಶ್ವವಿದ್ಯಾಲಯ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮತ್ತೆ ಮತ್ತೆ ಚಾಂಪಿಯನ್ ಆಗಿದೆ, ಮತ್ತು 2020ರ ಜನವರಿಯಲ್ಲಿ ಆ ಕೂಟ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲೇ ನಡೆಯಿತು. ಉಜಿರೆಯ ಎಸ್‌ಡಿಎಂ ಕಾಲೇಜಿಗೂ ಇಂಥದೇ ಹೆಸರಿದೆ. ಉತ್ತರ ಕರ್ನಾಟಕದ ಚುರುಕು ಓಟಗಾರ, ಕಬಡ್ಡಿಯ ರೈಡರ್ ಪಿಯುಸಿಗೇ ಕರಾವಳಿಯ ಬಸ್ಸು ಹತ್ತುವುದು ಈಗ ಹೊಸ ಸುದ್ದಿಯಲ್ಲ. ಹೋದವನಿಗೆ ಅದು ಒಳ್ಳೆಯದೇ. ಸಿಂಥೆಟಿಕ್ ಟ್ರ್ಯಾಕ್, ಹೊತ್ತುಹೊತ್ತಿಗೆ ಮೊಟ್ಟೆ-ಹಾಲು ಸಿಗುವ ಕಡೆ ಹೋಗಬೇಡ ಎಂದು ಯಾರು ಹೇಳಿಯಾರು? ಆದರೆ ಅವನು ಬಿಟ್ಟುಹೋದ ತಾಲ್ಲೂಕಿನ ತಂಡ ಮುಂದಿನ ವರ್ಷ ಮೊದಲ ಸುತ್ತಿನಲ್ಲೇ ಮನೆಗೆ ಬರುತ್ತದೆ.

ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ ಇದೇ ಕೆಲಸವನ್ನು ರಾಷ್ಟ್ರಮಟ್ಟದಲ್ಲಿ ಮಾಡಿತು. 2022ರ ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಅದೇ ಆತಿಥೇಯ. ಒಲಿಂಪಿಯನ್ ಈಜುಗಾರ ಶ್ರೀಹರಿ ನಟರಾಜ್ ಅವರಂಥವರು ಅದರ ತಂಡದಲ್ಲಿದ್ದರು. 20 ಚಿನ್ನದೊಂದಿಗೆ ಸಮಗ್ರ ಪ್ರಶಸ್ತಿಯೂ ಅದಕ್ಕೇ ಬಂತು. 2020ರಲ್ಲಿ ಭುವನೇಶ್ವರದ ಮೊದಲ ಕೂಟವನ್ನು ಗೆದ್ದದ್ದು ಸರ್ಕಾರಿ ಪಂಜಾಬ್ ವಿಶ್ವವಿದ್ಯಾಲಯ. 2024ರಲ್ಲಿ ಈಶಾನ್ಯದ ಕೂಟ ಗೆದ್ದದ್ದು ಖಾಸಗಿ ಚಂಡೀಗಢ ವಿಶ್ವವಿದ್ಯಾಲಯ. ಸರ್ಕಾರ ಗುರುತಿಸಿದ ಖೇಲೋ ಇಂಡಿಯಾ ಕ್ರೀಡಾಪಟುವಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಸಿಗುತ್ತದೆ. ಅಮೆರಿಕದಂತೆ ಇಲ್ಲಿ ಲೀಗ್ ದೊಡ್ಡದಾಗಲಿಲ್ಲ, ತಂಡಗಳ ಸಂಖ್ಯೆ ಬೆಳೆಯುತ್ತಲೇ ಹೋಯಿತು; ಪ್ರತಿಭೆ ಮಾತ್ರ ಅಲ್ಲಿಯ ಹಾಗೇ ಕೆಲವೇ ಕ್ಯಾಂಪಸ್‌ಗಳಲ್ಲಿ ಶೇಖರವಾಗುತ್ತಿದೆ. ಕಾಯ್ದೆ ನಕ್ಷೆಯನ್ನು ಎಷ್ಟೇ ಚೂರು ಮಾಡಲಿ, ಹಾಸ್ಟೆಲ್ ಇರುವ ಕಡೆ ಆಟಗಾರ ಹೋಗುತ್ತಾನೆ.

ಹಣ ಮತ್ತು ಆಟದ ನಂಟು ಈ ಸೀಮೆಗೆ ಹೊಸದೇನೂ ಅಲ್ಲ. ಜಾತ್ರೆಯ ಕುಸ್ತಿಯಲ್ಲಿ ಚಿಕ್ಕವರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕೊನೆಯ ಕುಸ್ತಿಯವರೆಗೆ ಎಲ್ಲಕ್ಕೂ ಬಹುಮಾನ ನಿಗದಿ. ಸೋಲಾಪುರ ಕಡೆಯ ಪೈಲ್ವಾನರು ಗಡಿ ದಾಟಿ ಬರುವುದೇ ಅದಕ್ಕಾಗಿ. ಕಣದಲ್ಲಿ ಮೊತ್ತ ಕೂಗಿ ಹೇಳುತ್ತಾರೆ, ಮುಚ್ಚುಮರೆ ಇರುವುದಿಲ್ಲ. ಕಾಲೇಜು ಕ್ರೀಡೆ ‘ಹವ್ಯಾಸ’ ಎಂಬ ಪರದೆ ಹಾಕಿಕೊಂಡಿದ್ದರಿಂದ ಅಲ್ಲಿ ಯಾರು ಯಾರಿಗೆ ಏನು ಕೊಟ್ಟರು ಎಂಬುದು ತಿಳಿಯುವುದು ಕಷ್ಟ. ಈ ಮಟ್ಟಿಗೆ ಜಾತ್ರೆಯ ಕಣ ಕಾರ್ನೆಗಿ ವರದಿಯ ಕಾಲದ ಅಮೆರಿಕಕ್ಕಿಂತ ಪ್ರಾಮಾಣಿಕ.

ಕಾಲೇಜಿನ ಹೊರಗೆ, ಲೀಗ್ ಹಣ ಕಲಬುರಗಿಯ ಹೆಸರನ್ನು ಬಳಸಿಕೊಂಡ ಪ್ರಸಂಗ ಕ್ರಿಕೆಟ್‌ನದು. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ ಊರುಗಳ ಹೆಸರನ್ನು ಫ್ರಾಂಚೈಸಿಗಳಿಗೆ ಮಾರಿತು. 2019ರಲ್ಲಿ ಬೆಟ್ಟಿಂಗ್, ಫಿಕ್ಸಿಂಗ್ ಆರೋಪಗಳಲ್ಲಿ ತಂಡದ ಮಾಲೀಕರು, ಆಟಗಾರರು ಬಂಧನಕ್ಕೊಳಗಾಗಿ ಲೀಗ್ ನಿಂತುಹೋಯಿತು. ಪಂದ್ಯ ಫಿಕ್ಸಿಂಗ್ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ವಂಚನೆ ಆಗುವುದಿಲ್ಲ ಎಂದು 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಅದೇ ವರ್ಷ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ನೆನಪಿನಲ್ಲಿ ಮಹಾರಾಜ ಟ್ರೋಫಿ ಹೆಸರಿನಲ್ಲಿ ಆರು ತಂಡಗಳ ಹೊಸ ಲೀಗ್ ಕಟ್ಟಿತು. ಮೊದಲ ವರ್ಷವೇ ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್ ಫೈನಲ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 11 ರನ್‌ಗಳಿಂದ ಸೋಲಿಸಿತು. ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಕಲಬುರಗಿಯವರು ತಮ್ಮ ಊರಿನ ತಂಡ ಕಪ್ ಎತ್ತಿದ್ದನ್ನು ಟಿ.ವಿ.ಯಲ್ಲೇ ನೋಡಿದರು. ಅಸಲಿಗೆ ಕೆಎಸ್‌ಸಿಎ ಲೆಕ್ಕದಲ್ಲಿ ಕಲಬುರಗಿಗೆ ತನ್ನದೇ ವಲಯ ಕೂಡ ಇಲ್ಲ, ಅದು ರಾಯಚೂರು ವಲಯದೊಳಗಿದೆ.

ಚೆಂಡನ್ನು ಕಾಲಲ್ಲಿ ಒದೆಯುವ ನಿಜವಾದ ಫುಟ್‌ಬಾಲ್ ಕರ್ನಾಟಕದಲ್ಲಿ ಇಂದಿಗೂ ಹೆಚ್ಚಾಗಿ ಬೆಂಗಳೂರಿನ ಆಟ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದದ್ದು ಮೈಸೂರು ರಾಜ್ಯದ 1968-69ರ ಗೆಲುವಿನ ನಂತರ ಮೊದಲ ಸಲ. ವೃತ್ತಿಪರ ಮಟ್ಟದಲ್ಲೂ ಹಣದ ಹಂಗು ಎಷ್ಟು ಅಪಾಯ ಎಂಬುದು 2025ರಲ್ಲಿ ಗೊತ್ತಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಮಾಡಿಕೊಂಡ ವಾಣಿಜ್ಯ ಒಪ್ಪಂದದ ಅವಧಿ ಮುಗಿಯುತ್ತ ಬಂದಿತ್ತು. ನವೀಕರಣ ಖಚಿತವಾಗದೆ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ತಡೆಹಿಡಿಯಲಾಯಿತು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳವನ್ನೇ ನಿಲ್ಲಿಸಿತು. ಒಬ್ಬನೇ ಹಣದಾತನನ್ನು ನೆಚ್ಚಿದ ಲೀಗ್‌ಗೆ ಆತ ಕೈಯೆತ್ತಿದ ದಿನವೇ ರಜೆ.

ವಿಶ್ವವಿದ್ಯಾಲಯಗಳ ನಕ್ಷೆ ಇನ್ನೂ ಸ್ಥಿರವಾಗಿಲ್ಲ. ಹೊಸ ವಿಶ್ವವಿದ್ಯಾಲಯಗಳಿಗೆ ಹಣ, ಜಮೀನು, ಸಿಬ್ಬಂದಿ ಸಾಲದು ಎಂಬ ಕಾರಣಕ್ಕೆ ಅವುಗಳಲ್ಲಿ ಒಂಬತ್ತನ್ನು ಮುಚ್ಚುವ ಕಡೆಗೆ 2025ರ ಫೆಬ್ರುವರಿಯಲ್ಲಿ ರಾಜ್ಯದ ಸಚಿವ ಸಂಪುಟ ಉಪಸಮಿತಿ ಒಲವು ತೋರಿತು. ಈ ನಡುವೆ ಬಳ್ಳಾರಿಯಿಂದ ಬೇರೆಯಾಗಿದ್ದ ಕೊಪ್ಪಳ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿತ್ತು, ಸಂಯೋಜಿತ ಕಾಲೇಜುಗಳು ಹೆಚ್ಚಿರುವ ಬೀದರ್ ಇರಲಿಲ್ಲ. ಆ ಲೆಕ್ಕ ಜಾರಿಗೆ ಬಂದರೂ ಕೊಪ್ಪಳದ ತಂಡಗಳು ಮತ್ತೆ ಬಳ್ಳಾರಿಯ ಟೂರ್ನಿಗೆ ಮರಳುತ್ತವೆ, ಅಷ್ಟೇ. ಬೀದರ್ ಮತ್ತು ಕಲಬುರಗಿ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಆಳಂದದ ಕಾಲೇಜು ಪಕ್ಕದ ಬಸವಕಲ್ಯಾಣದ ಕಾಲೇಜನ್ನು ಅಂತರ ಕಾಲೇಜು ಮಟ್ಟದಲ್ಲಿ ಎದುರಿಸುವಂತಿಲ್ಲ.